ಹೊಸ ಹಚ್ಚೆಯ ಆರೈಕೆ

ಗರ್ಭಿಣಿಯ ಆಹಾರ, ಎಳೆಗೂಸಿನ ಪಾಲನೆ, ಲಸಿಕೆ, ಹೆರಿಗೆ ಹೆರಿಗೆಗಳ ನಡುವಣ ಅಂತರ, ಇವೇ ಮೊದಲಾದ ವಿಷಯಗಳನ್ನು ಕುರಿತು ಆರೋಗ್ಯ ಇಲಾಖೆಯವರು ನಿಮ್ಮೊಡನೆ ಅನೇಕ ಬಾರಿ ಮಾತನಾಡಿದ್ದಾರೆ. ಇಂದು ನಾನು ಎತ್ತಿಕೊಂಡಿರುವ ವಿಷಯವು ಮೇಲುನೋಟಕ್ಕೆ ಅವುಗಳಷ್ಟು ಮುಖ್ಯವೆಂದು ತೋರಲಾರದು. ಅದು ಹಚ್ಚೆಯ ವಿಷಯ. ಅದರಲ್ಲಿಯೂ ಹಚ್ಚೆ ಚುಚ್ಚಿಸಿಕೊಂಡ ಮೇಲೆ ಆ ಜಾಗವನ್ನು ತೊಳೆದು, ಪಟ್ಟಿ ಕಟ್ಟಿ, ಮಾಯುವವರೆಗೆ ಕಾಪಾಡಿಕೊಳ್ಳುವ ಬಗೆ. ಜಾತ್ರೆಯ ಸಂಭ್ರಮದಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಈ ಕೆಲಸವು ಇಡೀ ಕುಟುಂಬದ ಆರೋಗ್ಯವನ್ನು ಹೇಗೆ ಮುಟ್ಟುತ್ತದೆ ಎಂಬುದು ನನ್ನ ಮಾತು ಮುಗಿಯುವ ಹೊತ್ತಿಗೆ ನಿಮಗೆ ಮನವರಿಕೆಯಾದೀತೆಂದು ನಂಬಿದ್ದೇನೆ.

ಹಚ್ಚೆ ನಮ್ಮ ನಾಡಿಗೆ ಹೊಸದೇನಲ್ಲ. ನಿಮ್ಮ ಮನೆಯ ಅಜ್ಜಿಯರ ಮುಂಗೈಯನ್ನೋ ಹಣೆಯನ್ನೋ ಗಲ್ಲವನ್ನೋ ನೋಡಿದರೆ ಹಸಿರು ಬಣ್ಣದ ಚುಕ್ಕಿಗಳು, ರಂಗವಲ್ಲಿಯಂತಹ ಗೆರೆಗಳು ಕಾಣಸಿಗುತ್ತವೆ. ಕೊರವರ ಹೆಣ್ಣುಮಕ್ಕಳು ಊರೂರು ತಿರುಗಿ, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳಿಂದ ಹಚ್ಚೆ ಹೊಯ್ಯುತ್ತಿದ್ದರು. ಮೈಮೇಲಿನ ಒಡವೆಯನ್ನು ಕಳ್ಳನು ಕದ್ದಾನು, ಬಡತನ ಬಂದರೆ ಮಾರಬೇಕಾದೀತು. ಹಚ್ಚೆಯೊಂದೇ ಕಡೆಯವರೆಗೂ ಜೊತೆಗೆ ಬರುವ ಒಡವೆ ಎಂದು ಹಿರಿಯರು ನಂಬಿದ್ದರು. ಈಗ ಜಾತ್ರೆಗಳಲ್ಲಿಯೂ ಸಂತೆಗಳಲ್ಲಿಯೂ ಬ್ಯಾಟರಿಯಿಂದ ನಡೆಯುವ ಯಂತ್ರಗಳು ಬಂದಿವೆ. ಹೊಸದಾಗಿ ಮದುವೆಯಾದ ಗಂಡಹೆಂಡಿರು ಒಬ್ಬರ ಹೆಸರನ್ನು ಇನ್ನೊಬ್ಬರು ಕೈಮೇಲೆ ಬರೆಯಿಸಿಕೊಳ್ಳುವುದುಂಟು. ಇದು ಅವರವರ ಪ್ರೀತಿಗೂ ನಂಬಿಕೆಗೂ ಸೇರಿದ ಮಾತು. ಅದನ್ನು ಹಳಿಯುವುದಾಗಲಿ ಬೇಡವೆನ್ನುವುದಾಗಲಿ ನನ್ನ ಉದ್ದೇಶವಲ್ಲ.

ವೈದ್ಯನಾಗಿ ನಾನು ಹೇಳಬೇಕಾದುದು ಒಂದೇ ಮಾತು. ಹಚ್ಚೆ ಮಾಯುವವರೆಗೆ ಅದು ಚಿತ್ರವಲ್ಲ, ಗಾಯ. ಕುಡುಗೋಲು ತಗುಲಿದ ಗಾಯವನ್ನು ಹೇಗೆ ನೋಡಿಕೊಳ್ಳುತ್ತೀರೋ ಅದಕ್ಕಿಂತಲೂ ಹೆಚ್ಚಿನ ಎಚ್ಚರಿಕೆಯಿಂದ ಇದನ್ನು ನೋಡಿಕೊಳ್ಳಬೇಕು.

ಹಚ್ಚೆ ಗಾಯವೆನ್ನಲು ಕಾರಣವೇನು?

ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ಹೊರಚರ್ಮ. ಇದು ದಿನದಿನವೂ ಸವೆದು ಉದುರುತ್ತಾ ಕೆಳಗಿನಿಂದ ಹೊಸದಾಗಿ ಬೆಳೆಯುತ್ತಾ ಇರುತ್ತದೆ. ಬಣ್ಣವನ್ನು ಈ ಪದರದಲ್ಲಿಯೇ ಇಟ್ಟರೆ ಗೋರಂಟಿಯ ಕೆಂಪಿನಂತೆ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ. ಆದುದರಿಂದ ಹಚ್ಚೆಯ ಸೂಜಿಯು ಹೊರಚರ್ಮವನ್ನು ತೂರಿ, ಸುಮಾರು 1ರಿಂದ 2 ಮಿಲಿಮೀಟರಿನಷ್ಟು ಆಳಕ್ಕೆ ಇಳಿದು, ಒಳಚರ್ಮದಲ್ಲಿ ಬಣ್ಣವನ್ನು ಬಿಡುತ್ತದೆ. ರಕ್ತದ ಸಣ್ಣ ನಾಳಗಳೂ ನೋವನ್ನು ತಿಳಿಸುವ ನರಗಳ ತುದಿಗಳೂ ಇರುವುದು ಈ ಪದರದಲ್ಲಿಯೇ. ಹೊರಗಿನಿಂದ ಬಂದ ಬಣ್ಣದ ಕಣಗಳನ್ನು ಕಂಡೊಡನೆ ದೇಹದ ಕಾವಲುಗಾರರಂತಿರುವ ಕಣಗಳು ಓಡಿಬಂದು ಅವುಗಳನ್ನು ನುಂಗುತ್ತವೆ. ನುಂಗಿದ ಬಣ್ಣವನ್ನು ಪೂರ್ತಿಯಾಗಿ ಕರಗಿಸಲಾರದೆ ಅಲ್ಲಿಯೇ ಹಿಡಿದಿಟ್ಟುಕೊಳ್ಳುತ್ತವೆ. ಹಚ್ಚೆಯು ಆಯುಷ್ಯವಿರುವವರೆಗೆ ಉಳಿಯುವುದರ ಗುಟ್ಟು ಇದೇ.

ಅಂಗೈಯಗಲದ ಒಂದು ಹಚ್ಚೆಗೆ ಸೂಜಿಯು ಸಾವಿರಾರು ಸಲ ಚುಚ್ಚುತ್ತದೆ. ಅಂದರೆ ಚರ್ಮವೆಂಬ ಕೋಟೆಗೋಡೆಯಲ್ಲಿ ಸಾವಿರಾರು ಕಿಂಡಿಗಳು ತೆರೆದಂತಾಯಿತು. ಕೈಯ ಕೊಳೆ, ಕೊಟ್ಟಿಗೆಯ ಧೂಳು, ಕೆರೆಯ ನೀರು, ಯಾವುದರಲ್ಲಿರುವ ರೋಗಾಣುವಾದರೂ ಈ ಕಿಂಡಿಗಳ ಮೂಲಕ ಒಳಗೆ ಹೋಗಬಲ್ಲುದು. ಹೊರಚರ್ಮವು ಕೂಡಿಕೊಳ್ಳಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು; ಒಳಗಿನ ಪದರವು ಪೂರ್ತಿಯಾಗಿ ಸರಿಹೋಗಲು ಕೆಲವು ತಿಂಗಳುಗಳೇ ಬೇಕಾಗಬಹುದು.

ಚುಚ್ಚಿಸಿಕೊಳ್ಳುವ ಮೊದಲು

ಆರೈಕೆ ಎಷ್ಟೇ ಚೆನ್ನಾಗಿದ್ದರೂ ಸೂಜಿಯೇ ಕೆಟ್ಟಿದ್ದರೆ ಫಲವಿಲ್ಲ. ಆದಕಾರಣ ಈ ವಿಷಯವನ್ನು ಮೊದಲೇ ಹೇಳಬೇಕಾಗಿದೆ. ಹಿಂದಿನ ಕಾಲದಲ್ಲಿ ಒಂದೇ ಸೂಜಿಯಿಂದ ಕೇರಿಯವರೆಲ್ಲರೂ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಆಗ ಏನೂ ಆಗಲಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಆಗಲೂ ರೋಗಗಳು ಹರಡುತ್ತಿದ್ದವು. ಕಾರಣ ತಿಳಿದಿರಲಿಲ್ಲ, ಅಷ್ಟೆ. ಎಚ್.ಐ.ವಿ. ಸೋಂಕು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದುದು 1986ರಲ್ಲಿ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಾಣುವನ್ನು ವಿಜ್ಞಾನಿಗಳು ಗುರುತಿಸಿದುದು 1989ರಲ್ಲಿ. ಹೆಪಟೈಟಿಸ್ ಬಿ ವೈರಾಣುವಂತೂ ಒಣಗಿದ ರಕ್ತದ ಕಲೆಯಲ್ಲಿ 7 ದಿನಗಳವರೆಗೂ ಜೀವಂತವಾಗಿರಬಲ್ಲುದು. ಕಣ್ಣಿಗೆ ಕಾಣದಷ್ಟು ರಕ್ತವು ಸೂಜಿಯಲ್ಲಿಯೋ ಬಣ್ಣದ ಬಟ್ಟಲಿನಲ್ಲಿಯೋ ಉಳಿದಿದ್ದರೂ ಸಾಕು.

ಸೂಜಿಯನ್ನು ದೀಪಕ್ಕೆ ಹಿಡಿದು ಬಟ್ಟೆಯಿಂದ ಒರೆಸಿದರೆ, ಅಥವಾ ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಅದು ಶುದ್ಧವಾಗುವುದಿಲ್ಲ. ಧನುರ್ವಾಯುವಿನ ರೋಗಾಣುವಿನ ಬೀಜಕಣಗಳು ಕುದಿಯುವ ನೀರಿಗೂ ಜಗ್ಗದಷ್ಟು ಗಟ್ಟಿಯಾದವು. ಆದುದರಿಂದ ಪ್ರತಿಯೊಬ್ಬರಿಗೂ ಮುಚ್ಚಿದ ಪೊಟ್ಟಣದಿಂದ ಹೊಸ ಸೂಜಿಯನ್ನು ನಿಮ್ಮ ಕಣ್ಣೆದುರಿಗೇ ತೆಗೆಯಬೇಕು. ಬಣ್ಣವನ್ನು ಪ್ರತಿಯೊಬ್ಬರಿಗೂ ಬೇರೆ ಬಟ್ಟಲಿನಲ್ಲಿ ಹಾಕಿ, ಉಳಿದುದನ್ನು ಚೆಲ್ಲಬೇಕು. ಚುಚ್ಚುವವರು ಕೈತೊಳೆದು ಹೊಸ ಕೈಗವಸು ತೊಟ್ಟಿರಬೇಕು. ಗಂಡಹೆಂಡಿರು ಒಟ್ಟಿಗೆ ಹೋದಾಗ “ನಾವಿಬ್ಬರೂ ಒಂದೇ ಮನೆಯವರು, ಒಂದೇ ಸೂಜಿ ಸಾಕು” ಎಂದು ಹೇಳುವುದುಂಟು. ಇದು ಬಹು ದೊಡ್ಡ ತಪ್ಪು. ಒಂದೇ ಮನೆಯವರಾದರೂ ರಕ್ತ ಬೇರೆ ಬೇರೆಯೇ. ಒಬ್ಬರಲ್ಲಿ ಅಡಗಿರುವ ಸೋಂಕು ಅವರಿಗೇ ತಿಳಿಯದಿರಬಹುದು. ಹೀಗೆ ಕೇಳಲು ಸಂಕೋಚಪಡಬೇಡಿರಿ. ಕೇಳಿದುದಕ್ಕೆ ಒಪ್ಪದವರ ಬಳಿ ಹಚ್ಚೆ ಹಾಕಿಸಿಕೊಳ್ಳದಿರುವುದೇ ಮೇಲು.

ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದನ್ನು ಕಳೆದ 5 ವರ್ಷಗಳಲ್ಲಿ ಹಾಕಿಸಿಕೊಂಡಿಲ್ಲವಾದರೆ, ಅಥವಾ ಯಾವಾಗ ಹಾಕಿಸಿಕೊಂಡಿರೆಂಬುದು ನೆನಪಿಲ್ಲವಾದರೆ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಮ್ಮ ದೇಶವು ಹತೋಟಿಗೆ ತಂದಿತೆಂದು 2015ರಲ್ಲಿ ಸಾರಲಾಯಿತು. ಅದು ಚುಚ್ಚುಮದ್ದಿನ ಮತ್ತು ಶುಚಿಯಾದ ಹೆರಿಗೆಯ ಫಲ. ಆದರೆ ರೋಗಾಣುವು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇಂದಿಗೂ ಇದೆ ಎಂಬುದನ್ನು ಮರೆಯಬಾರದು.

ಮೊದಲನೆಯ ದಿನ

ಹಚ್ಚೆ ಮುಗಿದೊಡನೆ ಅದರ ಮೇಲೆ ಶುದ್ಧವಾದ ಪಟ್ಟಿಯನ್ನು ಕಟ್ಟಿಸಿಕೊಂಡೇ ಹೊರಡಬೇಕು. ಜಾತ್ರೆಯ ಧೂಳಿನಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ ತೆರೆದ ಗಾಯವನ್ನು ಇಟ್ಟುಕೊಂಡು ಬರಬಾರದು. ಕೆಲವರು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಕಳುಹಿಸುತ್ತಾರೆ. ದಾರಿಯಲ್ಲಿ ಧೂಳು ತಾಗದಿರಲು ಅದು ಆದೀತು. ಆದರೆ ಅದರೊಳಗೆ ಬೆವರೂ ರಸವೂ ನಿಂತು ರೋಗಾಣುಗಳು ಬೆಳೆಯಲು ಅನುಕೂಲವಾಗುವುದರಿಂದ ಮನೆ ಸೇರಿದೊಡನೆ ತೆಗೆಯಬೇಕು. ಗಾಜ್ ಬಟ್ಟೆಯ ಪಟ್ಟಿಯಾದರೆ ಮೂರು ನಾಲ್ಕು ಗಂಟೆಗಳ ತರುವಾಯ, ಅದೇ ದಿನ ಮಲಗುವ ಮೊದಲು, ತೆಗೆದು ತೊಳೆಯಬೇಕು. ಪಟ್ಟಿ ಒಣಗಿ ಅಂಟಿಕೊಂಡಿದ್ದರೆ ಎಳೆದು ಕೀಳಬಾರದು. ಕುದಿಸಿ ಆರಿಸಿದ ನೀರಿನಿಂದ ಚೆನ್ನಾಗಿ ನೆನೆಸಿದರೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

ಮೊದಲ ಎರಡು ಮೂರು ದಿನ ಆ ಜಾಗವು ಕೆಂಪಗಿರುವುದು, ಕೊಂಚ ಊದಿರುವುದು, ಬಿಸಿಲಿನಲ್ಲಿ ಸುಟ್ಟಂತೆ ಉರಿಯುವುದು, ಬಣ್ಣ ಕಲೆತ ತಿಳಿಯಾದ ರಸ ಜಿನುಗುವುದು ಸಹಜ. ಬಣ್ಣವೆಲ್ಲಾ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಹೊರಗೆ ಉಳಿದಿದ್ದ ಬಣ್ಣವಷ್ಟೇ ಹೋಗುತ್ತದೆ. ಉರಿ ಹೆಚ್ಚಾಗಿದ್ದರೆ ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಟ್ಟುಕೊಂಡರೆ ಊತವೂ ನೋವೂ ಇಳಿಯುತ್ತವೆ.

ತೊಳೆಯುವ ಕ್ರಮ

ಹಚ್ಚೆಯನ್ನು ಮುಟ್ಟುವ ಮೊದಲು ಮುಟ್ಟುವ ಕೈಯನ್ನು ತೊಳೆಯಬೇಕು. ಎರಡು ಕೈಗಳಿಗೂ ಸೋಪು ಹಚ್ಚಿ, ಬೆರಳ ಸಂದು, ಉಗುರು, ಮಣಿಕಟ್ಟುಗಳನ್ನು ಅರ್ಧ ನಿಮಿಷದವರೆಗೆ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಿರಿ. ನಲ್ಲಿಯಿಲ್ಲದ ಮನೆಯಲ್ಲಿ ಇನ್ನೊಬ್ಬರು ಚೊಂಬಿನಿಂದ ನೀರು ಹೊಯ್ಯಲಿ. ಉಗುರು ಉದ್ದವಾಗಿದ್ದರೆ ಮೊದಲೇ ಕತ್ತರಿಸಿರಬೇಕು.

ಬಾವಿಯದಾಗಲಿ, ನಲ್ಲಿಯದಾಗಲಿ, ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗಾಗುವಂತೆ ಆರಿಸಿಕೊಳ್ಳಿರಿ. ಮೈಗೆ ಹಚ್ಚುವ, ಹೆಚ್ಚು ಸುಗಂಧವಿಲ್ಲದ ಸೋಪನ್ನು ಅಂಗೈಯಲ್ಲಿ ನೊರೆ ಮಾಡಿಕೊಂಡು, ಆ ನೊರೆಯನ್ನು ಮಾತ್ರ ಬೆರಳ ತುದಿಯಿಂದ ಹಚ್ಚೆಯ ಮೇಲೆ ಮೃದುವಾಗಿ ಸವರಬೇಕು. ಸೋಪಿನ ತುಂಡನ್ನೇ ಗಾಯಕ್ಕೆ ಉಜ್ಜುವುದಾಗಲಿ, ಬಟ್ಟೆ ಒಗೆಯುವ ಸೋಪನ್ನು ಬಳಸುವುದಾಗಲಿ, ಮೈ ತಿಕ್ಕುವ ನಾರಿನಿಂದ ತಿಕ್ಕುವುದಾಗಲಿ ಕೂಡದು. ಅಂಟಿಕೊಂಡಿರುವ ರಕ್ತವೂ ರಸವೂ ಹೋಗುವವರೆಗೆ ಮೇಲಿನಿಂದ ನೀರು ಹೊಯ್ದು ತೊಳೆಯಿರಿ. ಅನಂತರ ಒಗೆದು ಒಣಗಿಸಿದ ಬಿಳಿಯ ಹತ್ತಿ ಬಟ್ಟೆಯನ್ನು ಒತ್ತಿ ಒತ್ತಿ ನೀರನ್ನು ಹೀರಿಸಬೇಕೇ ಹೊರತು ಒರೆಸಬಾರದು. ಮನೆಮಂದಿಯೆಲ್ಲಾ ಬಳಸುವ ಟವಲ್ಲನ್ನು ಇದಕ್ಕೆ ಬಳಸದಿರಿ. ಹೀಗೆ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ರಾತ್ರಿ, ತೊಳೆದರೆ ಸಾಕು. ಹೊಲದ ಕೆಲಸದಿಂದ ಬಂದಾಗ ಇನ್ನೊಮ್ಮೆ.

ತೊಳೆದು ಹತ್ತು ನಿಮಿಷ ಗಾಳಿಗೆ ಆರಿದ ಮೇಲೆ, ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಅತಿ ತೆಳುವಾಗಿ ಸವರಬಹುದು. ಚರ್ಮವು ಕೊಂಚ ಹೊಳೆಯುವಷ್ಟಿದ್ದರೆ ಸಾಕು. ದಪ್ಪಗೆ ಮೆತ್ತಿದರೆ ಗಾಯವು ಒದ್ದೆಯಾಗಿಯೇ ಉಳಿದು ಮಾಯುವುದು ತಡವಾಗುತ್ತದೆ. ಮುಲಾಮಿನ ಡಬ್ಬಿಯೊಳಗೆ ನೇರವಾಗಿ ಬೆರಳು ಅದ್ದದೆ, ತೊಳೆದ ಚಮಚದಿಂದ ತೆಗೆದುಕೊಳ್ಳಿರಿ. ಹಲವರು ಬೆರಳಾಡಿಸಿದ ಹಳೆಯ ಡಬ್ಬಿ ಬೇಡ.

ಪಟ್ಟಿ ಕಟ್ಟುವ ಕ್ರಮ

ಮನೆಯಲ್ಲಿ ನೆರಳಿನಲ್ಲಿ ಕುಳಿತಿರುವಾಗ ಹಚ್ಚೆಯನ್ನು ತೆರೆದಿಟ್ಟರೆ ಒಳ್ಳೆಯದು. ಗಾಳಿಯಾಡಿದಷ್ಟೂ ಬೇಗ ಒಣಗುತ್ತದೆ. ಆದರೆ ನಮ್ಮ ಹಳ್ಳಿಯ ಬಾಳಿನಲ್ಲಿ ಮೂರು ವಾರ ಸುಮ್ಮನೆ ಕುಳಿತಿರಲು ಯಾರಿಗೂ ಆಗದು. ಹೊಲಕ್ಕೆ ಹೋಗಬೇಕು, ಹಾಲು ಕರೆಯಬೇಕು, ಒಲೆ ಹೊತ್ತಿಸಬೇಕು. ಇಂತಹ ಕೆಲಸಗಳ ಹೊತ್ತಿನಲ್ಲಿಯೂ, ರಸ ಜಿನುಗುವ ಮೊದಲ ರಾತ್ರಿಗಳಲ್ಲಿಯೂ ಪಟ್ಟಿ ಕಟ್ಟುವುದು ಅವಶ್ಯಕ.

ಔಷಧಿ ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣದಲ್ಲಿ ದೊರೆಯುವ ಗಾಜ್ ಬಟ್ಟೆಯೂ ಸುರುಳಿ ಪಟ್ಟಿಯೂ ಉತ್ತಮ. ಅದು ದೊರೆಯದಿದ್ದರೆ ಹಳೆಯ ಬಿಳಿಯ ಪಂಚೆಯ ತುಂಡುಗಳನ್ನು ಸೋಪಿನಲ್ಲಿ ಒಗೆದು, 20 ನಿಮಿಷ ನೀರಿನಲ್ಲಿ ಕುದಿಸಿ, ಧೂಳಿಲ್ಲದ ಕಡೆ ಬಿಸಿಲಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ತೊಳೆದು ಒರೆಸಿದ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು. ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಡಬಾರದು. ಅದರ ಎಳೆಗಳು ಅಂಟಿಕೊಂಡು ತೆಗೆಯುವಾಗ ಎಳೆಯ ಚರ್ಮವನ್ನು ಕಿತ್ತುಕೊಂಡು ಬರುತ್ತವೆ.

ತೊಳೆದು ಆರಿಸಿದ ಹಚ್ಚೆಯ ಮೇಲೆ ಎರಡು ಮೂರು ಮಡಿಕೆಯ ಬಟ್ಟೆಯನ್ನು, ಗಾಯಕ್ಕೆ ತಾಗುವ ಭಾಗವನ್ನು ಮುಟ್ಟದಂತೆ, ಅಂಚು ಹಿಡಿದು ಇಡಬೇಕು. ಬಟ್ಟೆಯು ಹಚ್ಚೆಗಿಂತ ಎಲ್ಲಾ ಕಡೆಯೂ ಒಂದೆರಡು ಬೆರಳಷ್ಟು ಅಗಲವಾಗಿರಲಿ. ಅನಂತರ ಸುರುಳಿ ಪಟ್ಟಿಯನ್ನು ಮಣಿಕಟ್ಟಿನ ಕಡೆಯಿಂದ ಮೊಣಕೈಯ ಕಡೆಗೆ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತುತ್ತಾ ಹೋಗಿ, ಗಂಟನ್ನು ಗಾಯದ ಮೇಲೆ ಬಾರದಂತೆ ಪಕ್ಕದಲ್ಲಿ ಹಾಕಬೇಕು. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಲಿ. ಕಟ್ಟಿದ ಅರ್ಧ ಗಂಟೆಯ ತರುವಾಯ ಬೆರಳುಗಳನ್ನು ನೋಡಿರಿ. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ಪಟ್ಟಿ ಬಿಗಿಯಾಗಿದೆಯೆಂದು ತಿಳಿದು ಕೂಡಲೇ ಬಿಚ್ಚಿ ಮತ್ತೆ ಕಟ್ಟಬೇಕು.

ತನ್ನ ಕೈಗೆ ತಾನೇ ಪಟ್ಟಿ ಕಟ್ಟಿಕೊಳ್ಳುವುದು ಸುಲಭವಲ್ಲ. ಹೆಂಡತಿಯ ಕೈಗೆ ಗಂಡನೂ, ಗಂಡನ ಕೈಗೆ ಹೆಂಡತಿಯೂ ಕಟ್ಟಿದರೆ ಕೆಲಸ ಅಚ್ಚುಕಟ್ಟಾಗುತ್ತದೆ. ಹೆಂಗಸಿನ ಗಾಯವನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸವೆಂದು ಗಂಡಸರು ದೂರ ನಿಲ್ಲಬಾರದು. ನಿಮ್ಮ ಹೆಸರನ್ನೇ ಕೈಮೇಲೆ ಬರೆಯಿಸಿಕೊಂಡವರ ನೋವನ್ನು ನೀವಲ್ಲದೆ ಇನ್ನಾರು ನೋಡಬೇಕು? ಆದರೆ ಕಟ್ಟುವವರ ಕೈಯಲ್ಲಿ ಗಾಯವೋ ಹುಣ್ಣೋ ಇದ್ದರೆ ಬೇರೆಯವರು ಕಟ್ಟಲಿ, ಇಲ್ಲವೇ ಕೈಗವಸು ತೊಡಲಿ.

ಪಟ್ಟಿ ಒದ್ದೆಯಾದರೆ, ಕೊಳೆಯಾದರೆ, ಬೆವರಿನಿಂದ ಅಂಟಂಟಾದರೆ ಆ ಕೂಡಲೇ ಬದಲಾಯಿಸಬೇಕು. ಒದ್ದೆ ಪಟ್ಟಿಗಿಂತ ಪಟ್ಟಿಯಿಲ್ಲದಿರುವುದೇ ವಾಸಿ. ತೆಗೆದ ಗಾಜ್ ಬಟ್ಟೆಯನ್ನು ತಿಪ್ಪೆಗೆ ಎಸೆಯದೆ, ಮಕ್ಕಳಿಗೂ ನಾಯಿಗಳಿಗೂ ಸಿಕ್ಕದಂತೆ ಆಳವಾಗಿ ಹೂಳಬೇಕು. ಪಂಚೆಯ ತುಂಡುಗಳನ್ನು ಮತ್ತೆ ಬಳಸುವುದಾದರೆ ಬೇರೆಯಾಗಿ ಒಗೆದು ಕುದಿಸಿಯೇ ಬಳಸಿರಿ. ರಸ ಜಿನುಗುವುದು ನಿಂತು, ಮೇಲಿನ ಚರ್ಮ ಒಣಗಿದ ಮೇಲೆ ಮನೆಯಲ್ಲಿ ಪಟ್ಟಿಯ ಅವಶ್ಯಕತೆಯಿಲ್ಲ.

ಕೆಲಸ, ಸ್ನಾನ, ಉಡುಪು

ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವುದು, ಕೊಟ್ಟಿಗೆ ಬಾಚುವುದು, ಗೊಬ್ಬರ ಹೊರುವುದು, ಬೆಳೆಗೆ ಔಷಧಿ ಸಿಂಪಡಿಸುವುದು, ಸಿಮೆಂಟು ಕಲಸುವುದು, ಈ ಕೆಲಸಗಳನ್ನು ಕಡೆಯ ಪಕ್ಷ ಮೊದಲ ಎರಡು ವಾರ ಮನೆಯ ಇನ್ನೊಬ್ಬರಿಗೆ ವಹಿಸಿರಿ. ಕೀಟನಾಶಕವು ತೆರೆದ ಗಾಯದ ಮೂಲಕ ಸುಲಭವಾಗಿ ದೇಹದೊಳಗೆ ಸೇರುತ್ತದೆ. ಆದುದರಿಂದ ಸುಗ್ಗಿ ಅಥವಾ ನಾಟಿಯ ಕಾಲದಲ್ಲಿ ಹಚ್ಚೆ ಹಾಕಿಸಿಕೊಳ್ಳದೆ, ಕೆಲಸ ಕಡಿಮೆಯಿರುವ ದಿನಗಳನ್ನು ಆರಿಸಿಕೊಳ್ಳುವುದು ಜಾಣತನ.

ಸ್ನಾನಕ್ಕೆ ಅಡ್ಡಿಯಿಲ್ಲ. ಆದರೆ ನೀರು ತುಂಬ ಬಿಸಿಯಾಗಿರಬಾರದು; ಎಣ್ಣೆಸ್ನಾನ ಮತ್ತು ಸೀಗೆಪುಡಿ ಹಚ್ಚೆಗೆ ತಾಗಬಾರದು. ಕೆರೆ, ಹೊಳೆ, ಕಾಲುವೆ, ಕಲ್ಯಾಣಿಗಳಲ್ಲಿ ಮುಳುಗುವುದನ್ನೂ ಈಜುವುದನ್ನೂ ಪೂರ್ತಿ ಮಾಯುವವರೆಗೆ, ಅಂದರೆ 3ರಿಂದ 4 ವಾರ, ಬಿಡಬೇಕು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡು ಅಲ್ಲಿಯೇ ಹೊಳೆಯಲ್ಲಿ ಮೀಯುವ ಹವ್ಯಾಸವಿದ್ದರೆ ಸ್ನಾನವನ್ನು ಮೊದಲು ಮುಗಿಸಿಕೊಳ್ಳಿರಿ. ಬಿಗಿಯಾದ ರವಿಕೆಯ ತೋಳು, ನೈಲಾನ್ ಬಟ್ಟೆ, ಗಾಯದ ಮೇಲೆ ಉಜ್ಜುವ ಬಳೆ, ಕೈಗಡಿಯಾರ, ಬೆಳ್ಳಿ ಕಡಗ ಇವು ಮಾಯುವುದನ್ನು ತಡೆಯುತ್ತವೆ. ಬಳೆಗಳನ್ನು ತೆಗೆಯಲು ಮನಸ್ಸಿಲ್ಲದವರು ಹಚ್ಚೆಗೆ ತಾಗದಂತೆ ಒಂದೆರಡನ್ನು ಮಾತ್ರ ತೊಟ್ಟುಕೊಳ್ಳಬಹುದು. ನೇರ ಬಿಸಿಲಿಗೆ ಹೋಗುವಾಗ ಸಡಿಲವಾದ ಹತ್ತಿಯ ತೋಳಿನಿಂದ ಮುಚ್ಚಿಕೊಳ್ಳಿರಿ.

ಹಚ್ಚಬಾರದ ವಸ್ತುಗಳು

ಹೊಸ ಹಚ್ಚೆಗೆ ಅರಿಸಿನ ಮೆತ್ತುವುದು ಬಹುಕಾಲದಿಂದ ಬಂದ ರೂಢಿ. ಅರಿಸಿನದಲ್ಲಿ ಒಳ್ಳೆಯ ಗುಣಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ಗಾಯಕ್ಕೆ ಹಾಕುವಷ್ಟು ಶುದ್ಧವಾಗಿರುವುದಿಲ್ಲ. ಅದು ರಸದೊಡನೆ ಸೇರಿ ಗಟ್ಟಿಯಾದ ಹೆಪ್ಪಾಗಿ ಕೂರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಹಳದಿ ಬಣ್ಣದ ಕೆಳಗೆ ಕೆಂಪೇರಿದುದಾಗಲಿ ಕೀವಾದುದಾಗಲಿ ಕಾಣುವುದೇ ಇಲ್ಲ. ಒಮ್ಮೆ ಎಳೆಯ ಪ್ರಾಯದ ಗೃಹಿಣಿಯೊಬ್ಬರು ಮುಂಗೈಗೆ ಅರಿಸಿನವನ್ನೂ ಒಲೆಯ ಬೂದಿಯನ್ನೂ ಮೆತ್ತಿಕೊಂಡು, ಹಚ್ಚೆಯಾದ ಆರನೆಯ ದಿನ ಜ್ವರದೊಡನೆ ನಮ್ಮ ಬಳಿಗೆ ಬಂದರು. ಮೆತ್ತಿದುದನ್ನು ನೆನೆಸಿ ತೆಗೆದಾಗ ಕೆಳಗೆ ಕೀವು ತುಂಬಿತ್ತು. ಕೀವನ್ನು ಹೊರಗೆ ತೆಗೆದು ಹತ್ತು ದಿನ ಔಷಧಿ ಕೊಡಬೇಕಾಯಿತು. ಕೈ ಉಳಿಯಿತು; ಆದರೆ ಬರೆಯಿಸಿಕೊಂಡ ಹೆಸರಿನ ಅರ್ಧ ಭಾಗ ಗಾಯದ ಗುರುತಿನಲ್ಲಿ ಅಳಿಸಿಹೋಯಿತು.

ಬೂದಿ, ಸಗಣಿ, ಮಣ್ಣು, ಸುಣ್ಣ, ಹೊಗೆಸೊಪ್ಪು, ಕಾಫಿಪುಡಿ, ಹಲ್ಲುಜ್ಜುವ ಪೇಸ್ಟು, ಎದೆಹಾಲು, ಸೀಮೆಎಣ್ಣೆ, ಇವು ಯಾವುವನ್ನೂ ಹಚ್ಚಬಾರದು. ಸಗಣಿಯೂ ಮಣ್ಣೂ ಧನುರ್ವಾಯುವನ್ನು ಕೈಹಿಡಿದು ಕರೆತಂದಂತೆ. ಸ್ಪಿರಿಟ್ಟನ್ನೂ, ನೀರು ಬೆರೆಸದ ನಂಜುನಿರೋಧಕ ದ್ರಾವಣಗಳನ್ನೂ ಹಾಕಿದರೆ ರೋಗಾಣುಗಳ ಜೊತೆಗೆ ಹೊಸದಾಗಿ ಬೆಳೆಯುತ್ತಿರುವ ಚರ್ಮವೂ ಸುಡುತ್ತದೆ. ಹುಳುಕಡ್ಡಿಗೆಂದು ತಂದ ಮುಲಾಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಉರಿಯನ್ನು ಬೇಗ ಇಳಿಸಿದಂತೆ ತೋರಿದರೂ ಸೋಂಕನ್ನು ಹೆಚ್ಚಿಸಬಲ್ಲುದು. ವೈದ್ಯರು ಹೇಳದೆ ಯಾವ ಮುಲಾಮನ್ನೂ ಯಾವ ಗುಳಿಗೆಯನ್ನೂ ಅಂಗಡಿಯಿಂದ ತಂದು ಬಳಸದಿರಿ.

ನವೆ ಮತ್ತು ಹಕ್ಕಳೆ

ನಾಲ್ಕೈದು ದಿನಗಳಾದ ಮೇಲೆ ಹಚ್ಚೆ ಒಣಗಿ, ತೆಳುವಾದ ಹಕ್ಕಳೆಗಟ್ಟಿ, ಹೊಟ್ಟಿನಂತೆ ಉದುರತೊಡಗುತ್ತದೆ. ಆಗ ನವೆ ಬಹಳ. ಇದು ಮಾಯುತ್ತಿರುವ ಗುರುತು. ಕೆರೆಯಬಾರದು, ಹಕ್ಕಳೆಯನ್ನು ಕೀಳಬಾರದು. ಕಿತ್ತರೆ ಗಾಯ ಮತ್ತೆ ತೆರೆಯುತ್ತದೆ, ಬಣ್ಣ ಅಲ್ಲಲ್ಲಿ ಬಿಟ್ಟುಹೋಗುತ್ತದೆ, ಗುರುತು ಉಳಿಯುತ್ತದೆ. ನವೆ ತಡೆಯಲಾಗದಿದ್ದರೆ ಕುದಿಸಿ ತಣಿಸಿದ ನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಐದು ನಿಮಿಷ ಮೇಲಿಟ್ಟು, ಒಣಗಿಸಿ, ತೆಳುವಾಗಿ ಜೆಲ್ಲಿ ಸವರಿರಿ. ನಿದ್ದೆಯಲ್ಲಿ ಕೆರೆದುಕೊಳ್ಳುವವರು ರಾತ್ರಿ ಸಡಿಲವಾಗಿ ಪಟ್ಟಿ ಕಟ್ಟಿಕೊಳ್ಳಲಿ. ಹಿಂದಿನ ಗಾಯಗಳು ಉಬ್ಬಿದ ಗಂಟಿನಂತೆ ಬೆಳೆದ ಅನುಭವವುಳ್ಳವರು ಹಚ್ಚೆ ಹಾಕಿಸಿಕೊಳ್ಳದಿರುವುದೇ ಕ್ಷೇಮ.

ಅಪಾಯದ ಚಿಹ್ನೆಗಳು

ಮೂರು ದಿನಗಳ ತರುವಾಯ ನೋವು, ಕೆಂಪು, ಊತ ಕಡಿಮೆಯಾಗುತ್ತಾ ಬರಬೇಕು. ಹಾಗಾಗದೆ ಹೆಚ್ಚುತ್ತಾ ಹೋದರೆ; ಹಳದಿ ಅಥವಾ ಹಸಿರು ಕೀವು, ದುರ್ವಾಸನೆ ಕಂಡರೆ; ಹಚ್ಚೆಯಿಂದ ಕಂಕುಳಿನ ಕಡೆಗೆ ಕೆಂಪು ಗೆರೆ ಹಬ್ಬಿದರೆ; ಕಂಕುಳಲ್ಲಿ ನೋವಿನ ಗಡ್ಡೆ ಎದ್ದರೆ; ಚಳಿಜ್ವರ ಬಂದರೆ, ಮರುದಿನಕ್ಕೆ ಕಾಯದೆ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಸೋಂಕು ಬೇಗ ಹಬ್ಬುವುದರಿಂದ ಅವರು ಇನ್ನೂ ಬೇಗ ಬರಬೇಕು. ಮೈಮೇಲೆಲ್ಲಾ ದದ್ದು ಎದ್ದು ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ 108ಕ್ಕೆ ಕರೆಮಾಡಿರಿ. ಒಂದೆರಡು ವಾರಗಳಲ್ಲಿ ದವಡೆ ಬಿಗಿದುಕೊಂಡು ಬಾಯಿ ತೆರೆಯಲಾಗದಿದ್ದರೆ, ಕತ್ತು ಸೆಟೆದುಕೊಂಡರೆ, ಅದು ಧನುರ್ವಾಯುವಾಗಿರಬಹುದು. ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಬೇಕು. ತಿಂಗಳುಗಳಾದ ಮೇಲೆ ಹಚ್ಚೆಯ ಜಾಗದಲ್ಲಿ ಗಂಟುಗಳೆದ್ದರೆ ಅಥವಾ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೂ ತೋರಿಸಿಕೊಳ್ಳಬೇಕು.

ಗರ್ಭಿಣಿಯರು ಮತ್ತು ಮಕ್ಕಳು

ಗರ್ಭಿಣಿಯರು ಹಚ್ಚೆ ಹಾಕಿಸಿಕೊಳ್ಳಬಾರದು. ಬಾಣಂತಿಯರೂ ಮಗು ಎದೆಹಾಲು ಬಿಡುವವರೆಗೆ ತಡೆದರೆ ಒಳ್ಳೆಯದು. ಕಾರಣವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕೆಟ್ಟ ಸೂಜಿಯಿಂದ ತಾಯಿಗೆ ಹೆಪಟೈಟಿಸ್ ಬಿ ತಗುಲಿದರೆ ಹೆರಿಗೆಯ ಸಮಯದಲ್ಲಿ ಅದು ಮಗುವಿಗೆ ದಾಟಬಹುದು. ಹಾಗೆ ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಅದು ದೀರ್ಘಕಾಲ ಉಳಿಯುವ ರೋಗವಾಗುತ್ತದೆ. ಇದನ್ನು ತಡೆಯುವ ದಾರಿಯಿದೆ. ಗರ್ಭಿಣಿಯಾದೊಡನೆ ಹೆಸರು ನೋಂದಾಯಿಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿರಿ. ತಾಯಿಗೆ ಸೋಂಕಿದೆಯೆಂದು ಮೊದಲೇ ತಿಳಿದಿದ್ದರೆ ಮಗುವಿಗೆ ಇನ್ನೊಂದು ರಕ್ಷಕ ಚುಚ್ಚುಮದ್ದನ್ನೂ ಕೊಡಬಹುದು.

ಶುದ್ಧವಲ್ಲದ ಸೂಜಿಯಿಂದ, ಅಥವಾ ಒಂದೇ ಸೂಜಿಯಿಂದ ಈಗಾಗಲೇ ಚುಚ್ಚಿಸಿಕೊಂಡಿದ್ದರೆ ಮುಚ್ಚಿಡಬೇಡಿರಿ, ಹೆದರಿ ಕೂರಬೇಡಿರಿ. 72 ಗಂಟೆಗಳೊಳಗೆ ಬಂದರೆ ಎಚ್.ಐ.ವಿ. ತಡೆಯುವ ಔಷಧಿ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಬಲ್ಲರು. ತಡವಾಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತವಾಗಿ, ಗುಟ್ಟಾಗಿ ನಡೆಯುತ್ತದೆ. 1097 ಸಂಖ್ಯೆಗೆ ಕರೆಮಾಡಿಯೂ ಸಲಹೆ ಪಡೆಯಬಹುದು. ಯಕೃತ್ತಿನ ಈ ಸೋಂಕುಗಳಿಗೆ ಉಚಿತ ಪರೀಕ್ಷೆ ಮತ್ತು ಚಿಕಿತ್ಸೆ ನೀಡುವ ರಾಷ್ಟ್ರೀಯ ಕಾರ್ಯಕ್ರಮವು 2018ರಲ್ಲಿ ಆರಂಭವಾಗಿದೆ. ಮೊದಲ ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ವೈದ್ಯರು ಹೇಳಿದಂತೆ 3 ತಿಂಗಳಿಗೆ ಮತ್ತು 6 ತಿಂಗಳಿಗೆ ಪುನಃ ಮಾಡಿಸಬೇಕು. ಅಲ್ಲಿಯವರೆಗೆ ನಿರೋಧ್ ಬಳಸುವುದು ಗಂಡಹೆಂಡಿರಿಬ್ಬರಿಗೂ ರಕ್ಷಣೆ. ಗಂಡಹೆಂಡಿರಿಬ್ಬರೂ ಒಟ್ಟಿಗೆ ಬಂದು ಪರೀಕ್ಷೆ ಮಾಡಿಸಿಕೊಂಡರೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವ ಪ್ರಮೇಯವೇ ಬಾರದು.

ಇನ್ನೊಂದು ವಿಷಯವನ್ನು ಗಂಡಸರು ವಿಶೇಷವಾಗಿ ನೆನಪಿನಲ್ಲಿಡಬೇಕು. ಹಚ್ಚೆ ಹಾಕಿಸಿಕೊಂಡ ದಿನದಿಂದ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಹೆರಿಗೆಯ ವೇಳೆ ಹೆಂಡತಿಗೆ ರಕ್ತ ಬೇಕಾದಾಗ ಮನೆಯವರಲ್ಲಿ ಒಬ್ಬರು ಕೊಡಬೇಕಾಗಿ ಬರುವುದು ಸಾಮಾನ್ಯ. ಆ ಹೊತ್ತಿನಲ್ಲಿ “ಮೂರು ತಿಂಗಳ ಹಿಂದೆ ಹಚ್ಚೆ ಹಾಕಿಸಿಕೊಂಡೆ” ಎಂದು ಹೇಳಬೇಕಾದರೆ ನೀವು ಕೊಡುವ ರಕ್ತ ಲೆಕ್ಕಕ್ಕೆ ಬಾರದು. ಅದನ್ನು ಮರೆಮಾಚಿ ಕೊಡುವುದು ಇನ್ನೂ ದೊಡ್ಡ ಅಪರಾಧ. ಮನೆಯಲ್ಲಿ ಗರ್ಭಿಣಿಯಿರುವಾಗ ಗಂಡನೂ ಹಚ್ಚೆಯನ್ನು ಮುಂದಕ್ಕೆ ಹಾಕುವುದೇ ವಿವೇಕ.

ಸೋದರ ಸೋದರಿಯರೇ, ನಾನು ಹೇಳಿದುದರಲ್ಲಿ ಹೆಚ್ಚು ಖರ್ಚಿನ ಮಾತು ಯಾವುದೂ ಇಲ್ಲ. ಕುದಿಸಿ ಆರಿಸಿದ ನೀರು, ಒಂದು ಸೋಪು, ಶುದ್ಧವಾದ ಬಿಳಿಯ ಬಟ್ಟೆ, ಮೂರು ನಾಲ್ಕು ವಾರಗಳ ತಾಳ್ಮೆ, ಇಷ್ಟು ಸಾಕು. ಪ್ರತಿಯೊಬ್ಬರಿಗೂ ಹೊಸ ಸೂಜಿ. ಮುಟ್ಟುವ ಮೊದಲು ಕೈತೊಳೆಯುವುದು. ಒದ್ದೆ ಪಟ್ಟಿಯನ್ನು ಕೂಡಲೇ ಬದಲಾಯಿಸುವುದು. ಕೀವು ಅಥವಾ ಜ್ವರ ಕಂಡರೆ ತಡಮಾಡದೆ ಬರುವುದು, ಈ ನಾಲ್ಕನ್ನು ಮನೆಯವರಿಗೂ ನೆರೆಹೊರೆಯವರಿಗೂ ತಿಳಿಸಿರಿ. ಸಂಶಯವಿದ್ದಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಆರೋಗ್ಯ ಸಹಾಯಕಿಯನ್ನಾಗಲಿ ಕೇಳಿರಿ. ಆರೋಗ್ಯ ಕೇಂದ್ರದ ಬಾಗಿಲು ನಿಮಗಾಗಿ ತೆರೆದಿದೆ.